ಏಳನೆಯ ಸೂಚನೆ

ಮಗುವಿಗೆ ನೀರು ಹಾಕುವಾಗ ಅಜ್ಜಿ ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತೆರೆದಿದ್ದರೆ ಮಗುವಿಗೆ ಗಾಳಿ ಬಡಿಯುತ್ತದಂತೆ. ಟವೆಲ್ ಹಿಡಿದು ಹೊರಗೆ ನಿಂತ ಸೊಸೆಗೆ, ಮಗುವಿನ ತಾಯಿಗೆ, ಕೇಳಿಸುತ್ತಿದ್ದುದು ಎರಡೇ: ಮಗ್ಗಿನಿಂದ ಸುರಿಯುವ ನೀರು, ಮತ್ತು ಅಜ್ಜಿಯ ಎಣಿಕೆ.

"ಒಂದು. ನೀರು ಮೊಳಕೈಗೆ ಹಿತವಾಗಿರಬೇಕು. ಎರಡು. ಮೊದಲು ಮುಖ, ಆಮೇಲೆ ತಲೆ. ಮೂರು. ಕಿವಿಯೊಳಗೆ ನೀರು ಹೋಗಬಾರದು."

ನಾಲ್ಕರ ಹೊತ್ತಿಗೆ ದನಿ ನೀರಿನಲ್ಲಿ ಮುಳುಗಿ ಬರೀ ಅಂಕಿಗಳು ಉಳಿಯುತ್ತಿದ್ದವು. ಐದು. ಆರು. ಏಳು ಎಂದ ಕೂಡಲೇ ಮಗು ಕಿರುಚುತ್ತಿತ್ತು.

ಹಸಿವಿನ ಅಳು, ನಿದ್ದೆಯ ಅಳು, ಒದ್ದೆಯ ಅಳು, ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಇಪ್ಪತ್ತನಾಲ್ಕು ದಿನಗಳಲ್ಲಿ ಸೊಸೆ ಕಲಿತಿದ್ದಳು. ಇದು ಆ ಮೂರರಲ್ಲಿ ಯಾವುದೂ ಆಗಿರಲಿಲ್ಲ.

"ಅಜ್ಜೀ, ಏನಾಯ್ತು?"

"ಏನೂ ಆಗಿಲ್ಲ ಕಣೆ. ಗಂಡುಮಗು, ಗಂಟಲು ದೊಡ್ಡದು. ಇವರಪ್ಪನೂ ಹೀಗೇ ಬೀದಿಗೆಲ್ಲ ಕೇಳೋ ಹಾಗೆ ಅಳ್ತಿದ್ದ."

ಅಜ್ಜಿಯೆಂದರೆ ಮಗುವಿನ ಮುತ್ತಜ್ಜಿ. ಎಂಬತ್ತೊಂದು ವರ್ಷ. ಹೊಲಿಗೆ ಮಿಷನ್ನಿನ ಮುಂದೆ ಐವತ್ತು ವರ್ಷ ಕೂತು ಬೆನ್ನು ಬಾಗಿದ್ದರೂ ಕೈ ನಡುಗುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕ್ಲಿನಿಕ್ ಇಟ್ಟುಕೊಂಡ ಮಕ್ಕಳ ಡಾಕ್ಟರಮ್ಮ ಅವಳ ಮಗನ ಹೆಂಡತಿ. ಗಂಡ ಸತ್ತ ಮೇಲೂ ಡಾಕ್ಟರಮ್ಮ ಅತ್ತೆಯ ಜೊತೆಯಲ್ಲೇ ಉಳಿದಿದ್ದಳು. ಮಗ ಮಾತು ಕಲಿತಂದಿನಿಂದ ತಾನೂ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ಆ ಮಗ ಈಗ ಲಿಫ್ಟ್ ರಿಪೇರಿಯವನು. ಅವನ ಹೆಂಡತಿಗೆ ಅಚ್ಚಿನ ಮನೆಯಲ್ಲಿ ಪ್ರೂಫ್ ನೋಡುವ ಕೆಲಸ, ಹೆರಿಗೆ ರಜೆಯಲ್ಲಿದ್ದಳು. ತಪ್ಪು ಹುಡುಕುವ ಅವಳ ಕಣ್ಣು ಮಾತ್ರ ರಜೆಯ ಮೇಲಿರಲಿಲ್ಲ.

ಆ ದಿನ ಮಧ್ಯಾಹ್ನ ಬಟ್ಟೆ ಬದಲಾಯಿಸುವಾಗ ಅವಳಿಗೆ ಸಾಸಿವೆ ಕಾಳಿನಷ್ಟು ಕೆಂಪು ಕಂಡಿತು. ಕಲೆಯಾದ ಬಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಬೀರುವಿನ ಹಿಂದೆ ಇಟ್ಟಳು. ಯಾರಿಗೆ ತೋರಿಸುವುದು? ಗಂಡನಿಗೆ ತೋರಿಸುವ ಹಾಗಿರಲಿಲ್ಲ, ಯಾಕೆಂದರೆ ಮೊದಲ ಗುಮಾನಿ ಬಂದದ್ದೇ ಅವನ ಮೇಲೆ. ಅವನ ಅಂಗಿಯನ್ನು ನೆನೆಹಾಕುವ ಮೊದಲು ಜೇಬು ನೋಡಿದಾಗ ಶಸ್ತ್ರವೈದ್ಯರೊಬ್ಬರ ಕಾರ್ಡು ಸಿಕ್ಕಿತ್ತು. ಹಿಂದೆ ಪೆನ್ಸಿಲಿನಲ್ಲಿ, 'ಶನಿವಾರ ಒಂಬತ್ತೂವರೆ.'

ರಾತ್ರಿ ಊಟಕ್ಕೆ ಬೇಳೆ, ಹುರಿದ ಆಲೂಗಡ್ಡೆ. ಅವನ ತಟ್ಟೆಯ ಪಕ್ಕದಲ್ಲಿ ಅವಳು ಕಾರ್ಡನ್ನು ಉಪ್ಪಿನ ಡಬ್ಬಿಯಂತೆ ಇಟ್ಟಳು.

"ಏನ್ರೀ ಇದು?"

"ಕಾರ್ಡು."

"ಓದೋಕೆ ಬರುತ್ತೆ ನಂಗೆ. ಭಾನುವಾರ ಮಗೂನ ಎತ್ಕೊಂಡು ಒಂದು ರೌಂಡು ಹೋಗ್ಬರ್ತೀನಿ ಅಂತ ಹೋದ್ರಲ್ಲ, ಎಲ್ಲಿಗೆ ಹೋಗಿದ್ರಿ?"

"ಪಾರ್ಕಿಗೆ! ಬಾತುಕೋಳಿ ತೋರಿಸೋಕೆ."

"ಮೂರು ವಾರದ ಮಗುವಿಗೆ ಬಾತುಕೋಳಿ!"

ಅಜ್ಜಿ ನಕ್ಕಳು. ಡಾಕ್ಟರಮ್ಮ ನಗಲಿಲ್ಲ, ಕಾರ್ಡನ್ನು ಎತ್ತಿ ನೋಡಿ ಅಲ್ಲೇ ಇಟ್ಟಳು.

"ಸುನ್ನತಿ ಮಾಡಿಸ್ತೀಯಾ ಇವನಿಗೆ?" ಅಂದಳು ಮಗನಿಗೆ.

"ಹೂಂ. ಈಗಲೇ ಮಾಡಿಸಿದ್ರೆ ನೆನಪೇ ಇರಲ್ಲ. ನಂಗೆ ಏಳು ವರ್ಷ ಆಗಿತ್ತಮ್ಮ. ಹದಿನೈದು ದಿನ ಅಜ್ಜಿ ಲಂಗ ಸುತ್ಕೊಂಡು ಓಡಾಡ್ದೆ. ಗೇಟಿನ ಹತ್ರ ನಿಂತ್ಕೊಂಡು ಹುಡುಗರೆಲ್ಲ ಲಂಗದ ರಾಜ ಅಂತಿದ್ರು. ಉಚ್ಚೆ ಹುಯ್ಯೋಕೆ ಹೆದರಿ ನೀರೇ ಕುಡೀತಿರ್ಲಿಲ್ಲ. ಮುಂದೊಗಲಿನ ಬಿಗಿ ನಮ್ಮ ವಂಶದಲ್ಲೇ ಇದೆ. ಇವನಿಗೂ ಬರುತ್ತೆ."

"ವಂಶದಲ್ಲಿ ಬರೋ ಅಂಥದ್ದಲ್ಲ ಅದು."

"ಮತ್ತೆ ನಂಗ್ಯಾಕೆ ಬಂತು?"

ಡಾಕ್ಟರಮ್ಮ ನೀರು ಕುಡಿದಳು. "ಕೆಲವರಿಗೆ ಆಗುತ್ತೆ."

"ಕೆಲವರಿಗೆ!" ಮಗ ತಟ್ಟೆ ಸರಿಸಿದ. "ಲಿಫ್ಟಿನ ಹಗ್ಗ ತುಂಡಾದ ಮೇಲೆ ಬದಲಾಯಿಸೋರು ಯಾರಾದ್ರೂ ಇದಾರಾ? ಗಟ್ಟಿಯಿರೋವಾಗ್ಲೇ ಬದಲಾಯಿಸ್ತೀವಿ."

"ಮಗು ಲಿಫ್ಟ್ ಅಲ್ಲ ಕಣ್ರೀ," ಅಂದಳು ಹೆಂಡತಿ.

"ಅಮ್ಮ ಮಕ್ಕಳ ಡಾಕ್ಟರುಗಳ ಸಂಘದ ಸಮಿತಿಯಲ್ಲಿ ಬೇಡ ಬೇಡ ಅಂತ ಭಾಷಣ ಮಾಡಿ ಬಂದಿದಾಳೆ. ಈಗ ಮೊಮ್ಮಗನಿಗೆ ಮಾಡಿಸಿದ್ರೆ ಮುಖಕ್ಕೆ ಮಸಿ. ಅದಕ್ಕೇ ಬೇಡ ಅನ್ನೋದು, ಇನ್ನೇನೂ ಅಲ್ಲ."

ಡಾಕ್ಟರಮ್ಮ ಎದ್ದು ಕೈ ತೊಳೆದಳು. ಸೊಸೆ ಅಡುಗೆಮನೆಗೆ ಹಿಂದೆಯೇ ಹೋಗಿ, "ಅತ್ತೆ, ಮಗೂನ ಒಂದ್ಸಲ ನೀವೇ ನೋಡ್ತೀರಾ?" ಎಂದು ಮೆಲ್ಲಗೆ ಕೇಳಿದಳು.

"ಮನೆ ಮಕ್ಕಳನ್ನ ನಾನು ನೋಡಲ್ಲ ಕಣಮ್ಮ. ಗೊತ್ತಲ್ಲ ನಿಂಗೆ. ಹತ್ತನೇ ದಿನ ನೋಡಿದ್ಲಲ್ಲ, ಆ ಚಿಕ್ಕ ಡಾಕ್ಟರ ಹತ್ರ ಕರ್ಕೊಂಡ್ಹೋಗು."

ಅದು ಅವಳ ಹಳೆಯ ನಿಯಮ. ಮಗನ ಆಪರೇಷನ್ ಆದ ವರ್ಷದಿಂದ ನಡೆದುಬಂದದ್ದು. ಊರಿನ ಮಕ್ಕಳ ಗಂಟಲು, ಹೊಟ್ಟೆ, ಕಿವಿ ಎಲ್ಲ ಅವಳ ಕೈಯಲ್ಲಿ. ಸ್ವಂತ ಮೊಮ್ಮಗನ ಬಟ್ಟೆಯನ್ನು ಅವಳು ಒಮ್ಮೆಯೂ ಬಿಚ್ಚಿರಲಿಲ್ಲ. ದೀಪದ ಕೆಳಗೆ ಕತ್ತಲೆ ಎಂದು ಸೊಸೆ ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಗುಮಾನಿ ಈಗ ಎರಡಾಯಿತು. ಒಂದು ಗಂಡನ ಮೇಲೆ. ಇನ್ನೊಂದು, ನೋಡಲು ಒಪ್ಪದ ಅತ್ತೆಯ ಮೇಲೆ.

*

ಮಕ್ಕಳ ವೈದ್ಯರ ಸಂಘದವರು ತಂದೆತಾಯಿಗಳಿಗಾಗಿ ಒಂದು ಕರಪತ್ರ ತಯಾರಿಸುತ್ತಿದ್ದರು. ಗಂಡು ಶಿಶುವಿಗೆ ಸುನ್ನತಿ ಮಾಡಿಸಬೇಕೇ, ಬೇಡವೇ? ಕೆಲವು ಮನೆಗಳಲ್ಲಿ ಅದು ನಂಬಿಕೆಯ ಮಾತು. ಅದಕ್ಕೆ ಕೈ ಹಾಕುವುದಿಲ್ಲವೆಂದು ಮೊದಲ ದಿನವೇ ತೀರ್ಮಾನವಾಗಿತ್ತು. ಉಳಿದವರು ಬಂದು ಕೇಳಿದರೆ ಏನು ಹೇಳಬೇಕು ಎಂಬುದಷ್ಟೇ ಚರ್ಚೆ. ಏಳು ಜನರ ಸಮಿತಿ, ಉದ್ದನೆಯ ಮೇಜು, ಫ್ಲಾಸ್ಕಿನಲ್ಲಿ ಆರಿದ ಟೀ.

ಕಾರ್ಡಿನ ಮೇಲಿದ್ದ ಶಸ್ತ್ರವೈದ್ಯರೂ ಆ ಸಮಿತಿಯಲ್ಲಿದ್ದರು. ಡಾಕ್ಟರಮ್ಮನ ಮನೆಯಲ್ಲಿ ಅವರಿಗೆ ಕತ್ತರಿ ಡಾಕ್ಟರು ಎಂದು ಹೆಸರು. ಒಳ್ಳೆಯ ಮನುಷ್ಯ, ಒಳ್ಳೆಯ ಕೈ. ಇಪ್ಪತ್ತನಾಲ್ಕು ವರ್ಷದ ಹಿಂದೆ ಡಾಕ್ಟರಮ್ಮನ ಮಗನಿಗೆ ಆಪರೇಷನ್ ಮಾಡಿದವರೂ ಅವರೇ.

"ಶಿಶುವಾಗಿದ್ದಾಗ ಗಾಯ ಬೇಗ ಮಾಯುತ್ತೆ. ಮೂತ್ರದ ಸೋಂಕು ಕಡಿಮೆ. ಮುಂದೆಯೂ ಕೆಲವು ಕಾಯಿಲೆ ಕಡಿಮೆ. ನಾನು ಹೇಳೋದು ಇಷ್ಟೇ," ಅಂದರು ಅವರು.

"ಕಡಿಮೆ ಅಂದ್ರೆ ಎಷ್ಟು?" ಅಂದಳು ಡಾಕ್ಟರಮ್ಮ. "ಒಂದು ಮಗುವಿಗೆ ಸೋಂಕು ತಪ್ಪಿಸೋಕೆ ನೂರು ಆರೋಗ್ಯವಂತ ಮಕ್ಕಳಿಗೆ ಚಾಕು ಹಾಕಬೇಕು. ರಕ್ತ, ನೋವು, ಅಪರೂಪಕ್ಕೆ ಎಡವಟ್ಟು. ಬೇಕಾದರೆ ದೊಡ್ಡವನಾಗಿ ಅವನೇ ಹೇಳಲಿ."

"ಅವನು ಹೇಳೋ ಹೊತ್ತಿಗೆ ನಿಮ್ಮ ಕ್ಲಿನಿಕ್ಕಿಂದಲೇ ನನ್ನ ಹತ್ರ ಬಂದಿರ್ತಾನಲ್ಲ ಮೇಡಂ!" ಕತ್ತರಿ ಡಾಕ್ಟರು ಒಂದು ಹಾಳೆ ಮುಂದಿಟ್ಟರು. "ನನ್ನ ಹಳೇ ಕಾರ್ಡುಗಳನ್ನ ತೆಗೆದು ನೋಡ್ದೆ. ನಿಮ್ಮ ಒಂದು ಕ್ಲಿನಿಕ್ಕಿಂದ ನಲವತ್ಮೂರು ಹುಡುಗರು. ಬಿಗಿ, ಗಾಯದ ಕಲೆ, ಎಲ್ಲರದ್ದೂ ಒಂದೇ ಕಥೆ. ಬೇರೆ ಯಾವ ಕ್ಲಿನಿಕ್ಕಿಂದಲೂ ಇದರ ಕಾಲು ಭಾಗ ಬಂದಿಲ್ಲ. ಇವರಿಗೆಲ್ಲ ಹುಟ್ಟಿದಾಗಲೇ ಮಾಡಿಬಿಟ್ಟಿದ್ರೆ?"

ಮೇಜಿನ ಕೊನೆಯಲ್ಲಿದ್ದ ಚಿಕ್ಕ ಡಾಕ್ಟರು, ಮಗುವನ್ನು ಹತ್ತನೆಯ ದಿನ ಪರೀಕ್ಷೆ ಮಾಡಿದ ಹುಡುಗಿಯೇ, ಕತ್ತೆತ್ತಿ ಕೇಳಿದಳು: "ಕೊನೆಯವನು ಬಂದಿದ್ದು ಯಾವಾಗ ಸಾರ್?"

"ಎಂಟು ವರ್ಷ ಆಯ್ತು. ಆಮೇಲೆ ಒಬ್ಬನೂ ಬಂದಿಲ್ಲ."

"ವಿಚಿತ್ರ ಅಲ್ವಾ ಇದು?"

ಎಲ್ಲರೂ ಡಾಕ್ಟರಮ್ಮನ ಕಡೆ ನೋಡಿದರು. ಅವಳು ಖಾಲಿ ಕಪ್ಪನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದಳು.

"ನನ್ನ ಕ್ಲಿನಿಕ್ಕಿಗೆ ಬರೋ ಮಕ್ಕಳೇ ಜಾಸ್ತಿ," ಅಂದಳು. ಆಮೇಲೆ, ರೋಗಿಗಳು ಕಾಯುತ್ತಿದ್ದಾರೆಂದು ಹೇಳಿ ಎದ್ದಳು. ಅವತ್ತು ಕ್ಲಿನಿಕ್ಕಿಗೆ ವಾರದ ರಜೆ. ಅದು ಆ ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ಮುಂದಿನ ದಿನಗಳಲ್ಲಿ ಮನೆಯೊಳಗೆ ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುವುದೇ ಕೆಲಸವಾಯಿತು. ಗಂಡ ಮಗುವನ್ನು ಎತ್ತಿಕೊಂಡರೆ ಹೆಂಡತಿ ಕಿಟಕಿಗೆ ಬರುತ್ತಿದ್ದಳು. ಅವಳು ಚಿಕ್ಕ ಡಾಕ್ಟರ ನಂಬರು ಬರೆದುಕೊಂಡದ್ದನ್ನು ಅವನು ನೋಡಿ, ಅಮ್ಮ ತನ್ನ ಕಡೆಯ ಸಾಕ್ಷಿ ತಯಾರು ಮಾಡುತ್ತಿದ್ದಾಳೆಂದು ತಿಳಿದ. ಅಜ್ಜಿಗೆ ಬೇರೆಯದೇ ಅನುಮಾನ: ಮಗುವಿನ ಬಟ್ಟೆಯನ್ನು ಈ ಹುಡುಗಿ ಸರಿಯಾಗಿ ಕುದಿಸುವುದಿಲ್ಲ.

"ಬಕೆಟ್‌ಗೆ ಹಾಕಿ ಮೂರು ಸಲ ಅಲ್ಲಾಡಿಸಿದ್ರೆ ಬಟ್ಟೆ ಒಗೆದ ಹಾಗಾಗುತ್ತಾ? ಮಗುವಿಗೆ ಉರಿ ಬಂದಿರೋದು ಅದರಿಂದಲೇ," ಅಂದಳು ತರಕಾರಿ ಹೆಚ್ಚುತ್ತ.

ಸೊಸೆಯ ಕಿವಿ ನಿಮಿರಿತು. "ಉರಿ ಬಂದಿದೆ ಅಂತ ನಿಮಗೆ ಹೇಗೆ ಗೊತ್ತು ಅಜ್ಜಿ? ನಾನು ಯಾರಿಗೂ ಹೇಳಿಲ್ಲವಲ್ಲ."

ಅಜ್ಜಿಯ ಚಾಕು ಕ್ಯಾರೆಟ್ಟಿನ ಮೇಲೆ ನಿಂತಿತು. "ದಿನಾ ನೀರು ಹಾಕೋಳಿಗೆ ಗೊತ್ತಾಗದೆ ಇರುತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇನಾ ಎಂದು ಸೊಸೆಗೆ ಅನ್ನಿಸಿತು. ಆದರೆ ಅಜ್ಜಿಯ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕಾಡಿತು.

ಮರುದಿನ ಬುಧವಾರ. ಶನಿವಾರಕ್ಕೆ ಇನ್ನು ಮೂರು ದಿನ. ಒಳಗಿನಿಂದ ಎಣಿಕೆ ಶುರುವಾಯಿತು. ಸೊಸೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿನ ಹಿಡಿಕೆ ಹಿಡಿದು ನಿಂತಳು. ಐದು. ಆರು. "ಏಳು," ಎಂದ ಕೂಡಲೇ ತಳ್ಳಿದಳು.

ಚಿಕ್ಕ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು ಅಜ್ಜಿ. ಮಗು ಕಾಲುಗಳ ನಡುವೆ. ಎಡಗೈಯಿಂದ ತೊಡೆ ಹಿಡಿದು, ಬಲಗೈಯ ಎರಡು ಬೆರಳಿನಿಂದ ಆ ಎಳೆಯ ತೊಗಲನ್ನು ಹಿಂದಕ್ಕೆ ಜಗ್ಗುತ್ತಿದ್ದಳು. ಸೂಜಿಗೆ ದಾರ ಪೋಣಿಸುವವಳ ಗಮನ ಮುಖದಲ್ಲಿ. ಮಗುವಿನ ಬಾಯಿ ಇಷ್ಟಗಲ ತೆರೆದಿತ್ತು.

"ಏನ್ ಮಾಡ್ತಿದ್ದೀರಿ ಅಜ್ಜಿ!"

"ಬಾಗಿಲು ಹಾಕೇ, ಗಾಳಿ!"

"ಕೈ ತೆಗೀರಿ! ಕೈ ತೆಗೀರಿ ಅಂದೆ!" ಸೋಪಿನ ನೊರೆಯ ಸಮೇತ ಮಗುವನ್ನು ಕಸಿದುಕೊಂಡಳು. "ಯಾರು ಹೇಳಿದ್ರು ನಿಮಗೆ ಹೀಗೆ ಮಾಡೋಕೆ? ಇವರಾ?"

ಅಜ್ಜಿ ಗೋಡೆ ಹಿಡಿದು ಎದ್ದಳು. ಸಿಟ್ಟಿಗೆ ಬಾಗಿದ ಬೆನ್ನೂ ನೆಟ್ಟಗಾಗಿತ್ತು.

"ಯಾರೋ ಯಾಕೆ ಹೇಳಬೇಕು? ನಿಮ್ಮತ್ತೆ ಬರೆದುಕೊಟ್ಟಿದ್ದು. ಇರು, ತೋರಿಸ್ತೀನಿ!"

ಒದ್ದೆ ಕಾಲಲ್ಲೇ ಹೋಗಿ ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದಳು. ಗುಂಡಿ, ಬಾಬಿನ್ನುಗಳ ಕೆಳಗಿನಿಂದ ಅಂಚು ಹೊಲಿದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದಳು. ಅದರೊಳಗೆ ಹಳದಿಗಟ್ಟಿದ ಹಾಳೆ. 'ಮಗುವಿನ ಸ್ನಾನ: ತಾಯಂದಿರಿಗೆ ಹತ್ತು ಸೂಚನೆಗಳು.' ಕೆಳಗೆ ಡಾಕ್ಟರಮ್ಮನ ಹೆಸರು, ಕ್ಲಿನಿಕ್ಕಿನ ವಿಳಾಸ. ಸೊಸೆ ಏಳನೆಯದನ್ನು ಓದಿದಳು. ಅಭ್ಯಾಸಬಲದಿಂದ ಎರಡು ಸಲ ಓದಿದಳು. ಅಕ್ಷರದ ತಪ್ಪು ಒಂದೂ ಇರಲಿಲ್ಲ.

'ಗಂಡು ಮಗುವಾದರೆ ಪ್ರತಿ ಸ್ನಾನದಲ್ಲೂ ಮುಂದೊಗಲನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಸರಿಸಿ ಶುಚಿ ಮಾಡಿ. ಬಿಗಿಯಾಗಿದ್ದರೆ ದಿನವೂ ಅಭ್ಯಾಸ ಮಾಡಿಸಿ.'

"ನೋಡು. ನನ್ನದೇನಾದ್ರೂ ಸ್ವಂತ ಇದೆಯಾ ಇದರಲ್ಲಿ?" ಅಂದಳು ಅಜ್ಜಿ. "ಇವಳು ಕ್ಲಿನಿಕ್ ತೆಗೆದಾಗ ಅಚ್ಚು ಹಾಕಿಸಿದ್ದು. ಅಕ್ಕಪಕ್ಕದ ಮನೆಯೋರು ಅವರವರ ಅಮ್ಮಂದಿರು ಹೇಳಿದ ಹಾಗೆ ನೀರು ಹಾಕ್ತಿದ್ರು. ನಾನು ಡಾಕ್ಟರು ಹೇಳಿದ ಹಾಗೆ ಹಾಕ್ದೆ. ಒಂದು ದಿನ ತಪ್ಪಿಸಿಲ್ಲ."

*

ಸಂಜೆ ಕ್ಲಿನಿಕ್ಕಿನ ಕೊನೆಯ ಮಗು ಹೋದ ಮೇಲೆ ಡಾಕ್ಟರಮ್ಮ ಒಳಗೆ ಬಂದಾಗ, ಹಾಳೆ ಊಟದ ಮೇಜಿನ ಮೇಲಿತ್ತು. ಮಗ ಕೆಲಸದಿಂದ ಬಂದು ಗ್ರೀಸಿನ ಕೈಯಲ್ಲೇ ಕೂತಿದ್ದ. ಒಲೆಯ ಮೇಲೆ ಏನೂ ಇರಲಿಲ್ಲ.

ಡಾಕ್ಟರಮ್ಮ ಹಾಳೆಯನ್ನು ದೂರದಿಂದಲೇ ಗುರುತಿಸಿದಳು. ಕುರ್ಚಿ ಎಳೆದುಕೊಳ್ಳಲಿಲ್ಲ. "ಮಗು ಎಲ್ಲಿ?" ಅಂದಳು.

ಮಂಚದ ಮೇಲೆ ಮಲಗಿಸಿ, ಇಪ್ಪತ್ತನಾಲ್ಕು ವರ್ಷದ ನಿಯಮ ಮುರಿದು, ಮೊಮ್ಮಗನ ಬಟ್ಟೆ ಬಿಚ್ಚಿದಳು. ಟಾರ್ಚು ತರಿಸಿದಳು. ಮುಟ್ಟದೆಯೇ ಬಹಳ ಹೊತ್ತು ನೋಡಿದಳು.

"ಚಿಕ್ಕದಾಗಿ ಹರಿದಿದೆ. ಮಾಯುತ್ತೆ. ಇನ್ನು ಮೇಲೆ ಯಾರೂ ಎಳೀಬೇಡಿ. ಮೇಲಿಂದ ನೀರು ಬಿದ್ದರೆ ಸಾಕು."

"ಎಳೀಬೇಡಿ?" ಅಂದಳು ಅಜ್ಜಿ. "ಎಳೀರಿ ಅಂತ ನೀನೇ ಬರೆದಿದೀಯಲ್ಲ!"

"ಆಗ ನಮಗೆ ಹಾಗೇ ಕಲಿಸಿದ್ರು ಅಜ್ಜಿ. ಹುಟ್ಟಿದ ಮಗುವಿಗೆ ಆ ತೊಗಲು ಒಳಗಡೆ ಅಂಟಿಕೊಂಡೇ ಇರುತ್ತೆ, ಬೆರಳಿಗೆ ಉಗುರು ಅಂಟಿಕೊಂಡ ಹಾಗೆ. ತಾನಾಗೇ ಬಿಡಿಸ್ಕೊಳ್ಳೋಕೆ ವರ್ಷಗಳು ಬೇಕು. ಎಳೆದ್ರೆ ಹರಿಯುತ್ತೆ. ಹರಿದಿದ್ದು ಮಾಯುವಾಗ ಗಟ್ಟಿಯಾಗುತ್ತೆ. ದಿನಾ ಎಳೆದ್ರೆ..." ನಿಲ್ಲಿಸಿದಳು.

"ದಿನಾ ಎಳೆದ್ರೆ ನಿಜವಾಗಲೂ ಬಿಗಿಯಾಗುತ್ತೆ," ಅಂದ ಮಗ. "ಆಮೇಲೆ ಕೊಯ್ಯಿಸಬೇಕಾಗುತ್ತೆ. ಏಳು ವರ್ಷಕ್ಕೆ."

ಮಗು ಕಾಲು ಆಡಿಸಿತು.

"ನಂಗೂ ಹೀಗೇ ಮಾಡ್ತಿದ್ಯಾ ಅಜ್ಜಿ?"

"ನಿಂಗೆ ಮಾಡೋಕಂತಲೇ ಅಲ್ವೇನೋ ಅದನ್ನ ಬಾಯಿಪಾಠ ಮಾಡಿದ್ದು," ಅಂದಳು ಅಜ್ಜಿ. ಹೆಮ್ಮೆಯಿಂದ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಸಣ್ಣದಾಯಿತು.

ಮಗ ತಾಯಿಯ ಕಡೆ ತಿರುಗಿದ. "ನಿಂಗೆ ಯಾವಾಗ ಗೊತ್ತಾಯ್ತು?"

"ಹದಿನಾಲ್ಕು ವರ್ಷದ ಹಿಂದೆ. ಹೊಸ ಪುಸ್ತಕದಲ್ಲಿ ಎಳೀಬಾರದು ಅಂತ ಬಂತು. ಅವತ್ತೇ ಚೀಟಿ ಕೊಡೋದು ನಿಲ್ಲಿಸ್ದೆ. ಉಳಿದ ಕಟ್ಟನ್ನ ರದ್ದಿಗೆ ಹಾಕ್ದೆ."

"ನಂಗಾಗ ಹದಿನೇಳು. ಇಷ್ಟು ವರ್ಷ ನನ್ನ ಮೈಯಲ್ಲೇ ಏನೋ ಐಬು ಇದೆ ಅಂದ್ಕೊಂಡಿದ್ದೆ. ಮದುವೆ ಮಾತು ಬಂದಾಗಲೂ ಹೆದರ್ಕೊಂಡಿದ್ದೆ, ಮಗನಿಗೆ ಬರುತ್ತೆ ಅಂತ. ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ಹೇಳಬಹುದಿತ್ತು."

"ಕತ್ತರಿ ಡಾಕ್ಟರ ನಲವತ್ಮೂರು ಜನ?" ಕೇಳಿದ್ದು ಸೊಸೆ. ಸಮಿತಿಯ ಕಾಗದಗಳನ್ನು ಅವಳು ಓದಿದ್ದಳು. "ಅವರೆಲ್ಲ ಈ ಚೀಟಿ ತಗೊಂಡು ಹೋದೋರೇನಾ ಅತ್ತೆ?"

"ಎಲ್ಲರೂ ಅಲ್ಲದೆ ಇರಬಹುದು." ಡಾಕ್ಟರಮ್ಮ ಕನ್ನಡಕ ತೆಗೆದಳು. "ತುಂಬಾ ಜನ."

ಅಜ್ಜಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

"ದಿನಕ್ಕೆ ಇಪ್ಪತ್ತು ಸಲ ನನ್ನ ಮುಂದೆ ಓಡಾಡ್ತೀಯ ಡಾಕ್ಟ್ರೇ," ಅಂದಳು. "'ಅಜ್ಜಿ, ಏಳನೇದು ಬಿಟ್ಟುಬಿಡಿ' ಅಂತ ಒಂದು ಸಲ ಹೇಳೋಕೆ ಬಾಯಿ ಇರಲಿಲ್ವಾ ನಿಂಗೆ?"

*

ಅಜ್ಜಿ ನೀರು ಹಾಕುವುದನ್ನು ಬಿಟ್ಟಳು. ತನ್ನ ಕೋಣೆಯಲ್ಲೇ ಬ್ರೆಡ್ಡು ಟೀ ತರಿಸಿಕೊಂಡಳು. ಸೊಸೆಗೆ ಒಬ್ಬಳೇ ಮಗುವನ್ನು ಬಚ್ಚಲಿಗೆ ಒಯ್ಯಲು ಧೈರ್ಯ ಸಾಲದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ದಿನ ತಳ್ಳಿದಳು. ಊಟವೆಂದರೆ ಬೇಯಿಸಿದ ಮೊಟ್ಟೆ, ನಿನ್ನೆಯ ಅನ್ನ. ಮಗ ತಾಯಿಯೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದ್ದ.

"ಡಾಕ್ಟರಿಗೆ ಹೇಳು, ಕ್ಲಿನಿಕ್ಕಿನ ನಲ್ಲಿ ಸರಿ ಮಾಡಿದೀನಿ ಅಂತ," ಅನ್ನುತ್ತಿದ್ದ ಹೆಂಡತಿಗೆ, ಡಾಕ್ಟರಮ್ಮ ಎರಡು ಮಾರು ದೂರದಲ್ಲಿ ನಿಂತಿರುವಾಗಲೇ.

"ಅವನಿಗೆ ಹೇಳಮ್ಮ, ಕೇಳಿಸ್ತು ಅಂತ."

"ನಾನೇನು ನಿಮ್ಮಿಬ್ಬರ ನಡುವಿನ ಪೋಸ್ಟಾಫೀಸಾ?" ಅಂದಳು ಸೊಸೆ.

ಶನಿವಾರ ಒಂಬತ್ತಕ್ಕೆ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಹೆಂಡತಿ ಮಗುವನ್ನು ಎದೆಗೆ ಅವಚಿಕೊಂಡು ಮಂಚದ ಮೂಲೆಗೆ ಸರಿದಳು. "ಕೊಡಲ್ಲ."

"ಕೇಳಿದೆನಾ ನಾನು?" ಅಂದು ಅವನು ಒಬ್ಬನೇ ಹೋದ.

ಹನ್ನೊಂದಕ್ಕೆ ಈರುಳ್ಳಿ, ಸೊಪ್ಪು ಹಿಡಿದುಕೊಂಡು ಬಂದ. ಡಾಕ್ಟರಮ್ಮ ಇಬ್ಬರು ರೋಗಿಗಳ ನಡುವೆ ಟೀ ಕುಡಿಯಲು ಒಳಗೆ ಬಂದಿದ್ದಳು. ಮೂರು ದಿನಗಳ ಮೇಲೆ ಅವನು ಅವಳ ಮುಖಕ್ಕೇ ಹೇಳಿದ:

"ಕತ್ತರಿ ಡಾಕ್ಟರ ಹತ್ರ ನನ್ನ ಹಳೇ ಕಾರ್ಡು ಇತ್ತು. ಅದರಲ್ಲಿ ಬರೆದಿದೆ, 'ಹಲವು ಬಾರಿ ಹರಿದ ಗಾಯದ ಕಲೆ' ಅಂತ. ನೀನು ಹೇಳಿದ್ದು ನಿಜ."

"ನಂಬಿಕೆ ಬರಲಿಲ್ವಾ?"

"ಲಿಫ್ಟು ಸರಿಯಾಗಿದೆ ಅಂತ ಯಾರು ಹೇಳಿದ್ರೂ ನಾನೊಂದ್ಸಲ ಹತ್ತಿ ನೋಡ್ತೀನಿ. ಮಗುವಿನ ಡೇಟು ಕ್ಯಾನ್ಸಲ್ ಮಾಡಿಸ್ದೆ." ಸೊಪ್ಪನ್ನು ಮೇಜಿನ ಮೇಲೆ ಇಟ್ಟ. "ಒಂದು ಮಾತು. ಎಳೀರಿ ಅಂತ ಆಗ ಹೇಳ್ದೆ. ಎಳೀಬೇಡಿ ಅಂತ ಈಗ ಹೇಳ್ತೀಯ. ಇನ್ನು ಮೂವತ್ತು ವರ್ಷಕ್ಕೆ ಇದೂ ತಪ್ಪು ಅಂತ ಆಗಲ್ಲ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ," ಅಂದಳು ಡಾಕ್ಟರಮ್ಮ. "ತಪ್ಪು ಅಂತ ಗೊತ್ತಾದ ದಿನ ಹೇಳ್ತೀನಿ. ಅಷ್ಟೇ ಕೊಡೋಕಾಗೋದು."

"ಸಮಿತಿಯವರಿಗೆ ಹೇಳಿದ್ಯಾ?"

"ಸೋಮವಾರ ಇದೆ ಮೀಟಿಂಗು."

"ನೋಡೋಣ," ಅಂದ ಮಗ.

*

ಸೋಮವಾರ ಡಾಕ್ಟರಮ್ಮ ಪ್ಲಾಸ್ಟಿಕ್ ಚೀಲ ಸಮೇತ ಆ ಹಾಳೆಯನ್ನು ಉದ್ದನೆಯ ಮೇಜಿನ ನಡುವೆ ಇಟ್ಟಳು. ಅದನ್ನು ಎಷ್ಟು ವರ್ಷ ಹಂಚಿದ್ದು, ಯಾವಾಗ ನಿಲ್ಲಿಸಿದ್ದು, ಯಾರಿಗೂ ಹೇಳದೆ ಇದ್ದದ್ದು, ಎಲ್ಲವನ್ನೂ ಹೇಳಿದಳು. ಹಾಳೆ ಕೈಯಿಂದ ಕೈಗೆ ಹೋಯಿತು. ಚಿಕ್ಕ ಡಾಕ್ಟರು ಓದಿ ತಲೆ ತಗ್ಗಿಸಿದಳು.

"ಹಾಗಾದ್ರೆ ನನ್ನ ನಲವತ್ಮೂರು ಲೆಕ್ಕಕ್ಕಿಲ್ಲ," ಅಂದರು ಕತ್ತರಿ ಡಾಕ್ಟರು. "ನಾನೂ ಯಾಕೆ ಅಂತ ಕೇಳಲಿಲ್ಲ ನೋಡಿ. ಬಂದ ಹಾಗೆ ಕೊಯ್ದು ಕಳಿಸ್ದೆ."

"ಮೂತ್ರದ ಸೋಂಕಿನ ನಿಮ್ಮ ಮಾತು ಲೆಕ್ಕಕ್ಕಿದೆ. ಅದನ್ನ ಬರೀರಿ. ನನ್ನದನ್ನೂ ಬರೀರಿ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಸಂಘದ ಮರ್ಯಾದೆಯ ಪ್ರಶ್ನೆ. ಜನ ಡಾಕ್ಟರುಗಳನ್ನು ನಂಬುವುದೇ ಕಷ್ಟವಾಗಿರುವ ಕಾಲ. ಮಾತು ಸ್ವಲ್ಪ ಮೆತ್ತಗಿರಲಿ.

ಕರಪತ್ರದ ಪ್ರೂಫು ಸೊಸೆಯ ಅಚ್ಚಿನ ಮನೆಗೇ ಬಂತು. ರಜೆಯಲ್ಲಿದ್ದರೂ ಮನೆಗೆ ತರಿಸಿಕೊಂಡಳು. ಸುನ್ನತಿಯ ಲಾಭ, ಅಪಾಯ ಎರಡನ್ನೂ ಹೇಳಿ, ಎಲ್ಲ ಶಿಶುಗಳಿಗೂ ಬೇಕೆಂದು ಸಂಘ ಹೇಳುವುದಿಲ್ಲವೆಂದು ಬರೆದಿತ್ತು. ಕೆಳಗೆ ಒಂದು ಸಾಲು: 'ಶುಚಿತ್ವದ ಕುರಿತ ಹಿಂದಿನ ಸಲಹೆಗಳನ್ನು ಪರಿಷ್ಕರಿಸಲಾಗಿದೆ.' ಸೊಸೆ ಕೆಂಪು ಪೆನ್ನಿನಲ್ಲಿ ಅದರ ಅಂಚಿಗೆ ಬರೆದಳು: ಯಾವ ಸಲಹೆ? ಕೊಟ್ಟವರು ಯಾರು?

ಸಂಘದವರು ಅದನ್ನು ತಿದ್ದಲಿಲ್ಲ. ಡಾಕ್ಟರಮ್ಮ ತನ್ನದೇ ಒಂದು ಹಾಳೆ ಅಚ್ಚು ಹಾಕಿಸಿ ಕ್ಲಿನಿಕ್ಕಿನ ಬಾಗಿಲಿಗೆ ಅಂಟಿಸಿದಳು. 'ಗಂಡು ಮಗುವಿನ ಮುಂದೊಗಲನ್ನು ಎಳೆಯಬೇಡಿ. ಎಳೆಯಿರಿ ಎಂದು ಈ ಕ್ಲಿನಿಕ್ಕಿನಿಂದ ಹದಿನೇಳು ವರ್ಷ ಚೀಟಿ ಕೊಟ್ಟಿದ್ದೆ. ಅದು ತಪ್ಪು. ಅದರಿಂದ ನಿಮ್ಮ ಮಗನಿಗೆ ತೊಂದರೆಯಾಗಿದ್ದರೆ ಬಂದು ನನ್ನನ್ನು ಕೇಳಿ.' ಕೆಳಗೆ ಹೆಸರು.

ಬೆಂಚಿನ ಮೇಲೆ ಕೂತ ತಾಯಂದಿರು ಓದಿ ಪಿಸುಗುಟ್ಟಿದರು. ಕೆಲವರು ಮತ್ತೆ ಬರಲಿಲ್ಲ. ಒಬ್ಬ ಹೆಂಗಸು ಮಗುವಿಲ್ಲದೆ ಒಬ್ಬಳೇ ಬಂದು, "ನನ್ನ ಮಗ ಈಗ ಕಾಲೇಜಿನಲ್ಲಿದಾನೆ. ಅವನಿಗೆ ಏನಂತ ಹೇಳಲಿ?" ಎಂದು ಕೇಳಿ ಅರ್ಧ ಗಂಟೆ ಕೂತು ಹೋದಳು.

ಅಜ್ಜಿ ಆ ಹಾಳೆಯ ಒಂದು ಪ್ರತಿ ತರಿಸಿಕೊಂಡು ಕನ್ನಡಕ ಹಾಕಿ ಓದಿದಳು. "ಇದು ಎಷ್ಟು ವರ್ಷ ಬಾಳುತ್ತೆ ಡಾಕ್ಟ್ರೇ?" ಅಂದಳು.

"ಗೊತ್ತಿಲ್ಲ ಅಜ್ಜಿ."

"ಪ್ಲಾಸ್ಟಿಕ್ಕಿಗೆ ಹಾಕಲ್ಲ ನಾನು."

ಆ ಭಾನುವಾರ ಅಜ್ಜಿ ಕೋಣೆಯಿಂದ ಹೊರಗೆ ಬಂದು ಬಚ್ಚಲಿನ ಬಾಗಿಲಿಗೆ ಇಟ್ಟಿಗೆ ಕೊಟ್ಟು ಅಗಲವಾಗಿ ತೆರೆದಿಟ್ಟಳು. ಗಾಳಿಯ ಮಾತೆತ್ತಲಿಲ್ಲ. ಆದರೆ ಮಣೆಯ ಮೇಲೆ ಕೂರಲೂ ಇಲ್ಲ. "ನಾನು ಮುಟ್ಟಲ್ಲ. ಬಾಯಲ್ಲಿ ಹೇಳ್ತೀನಿ. ಅವರಪ್ಪ ಹಾಕಲಿ," ಅಂದಳು.

ಲಿಫ್ಟಿನವನು ಪ್ಯಾಂಟು ಮೊಳಕಾಲಿಗೆ ಮಡಚಿ ಮಣೆಯ ಮೇಲೆ ಕೂತು ಕಾಲು ಚಾಚಿದ. ಹೆಂಡತಿ ಟವೆಲ್ ಹಿಡಿದು ಬಾಗಿಲಿನ ಈ ಪಕ್ಕ, ತಾಯಿ ಆ ಪಕ್ಕ. ಅಜ್ಜಿ ಎಣಿಸತೊಡಗಿದಳು. ಒಂದು. ಎರಡು. ಅವನ ದೊಡ್ಡ ಕೈಗಳಲ್ಲಿ ಮಗು ಸೋಪಿನ ಹಾಗೆ ಜಾರುತ್ತಿತ್ತು. ಐದು. ಆರು.

"ಎಂಟು," ಅಂದಳು ಅಜ್ಜಿ.

ಅಷ್ಟರಲ್ಲಿ ಮಗು ಜೋರಾಗಿ ಕಿರುಚಿತು. ಮೂವರು ಹೆಂಗಸರ ಕಣ್ಣೂ ಒಟ್ಟಿಗೆ ಅವನ ಕೈಗಳ ಮೇಲೆ ಬಿತ್ತು. ಅವನು ನೊರೆ ಸುರಿಯುವ ಎರಡೂ ಕೈಗಳನ್ನು ಮೇಲಕ್ಕೆತ್ತಿದ.

"ನಾನು ಮುಟ್ಟಿಲ್ಲ! ಸೋಪು, ಕಣ್ಣಿಗೆ ಸೋಪು ಹೋಗಿದೆ!"

ಡಾಕ್ಟರಮ್ಮ ಬಗ್ಗಿ ಮಗುವಿನ ಕಣ್ಣನ್ನು ನೋಡಿದಳು. ನಿಜವಾಗಿಯೂ ಕಣ್ಣಿಗೆ ಸೋಪು ಹೋಗಿತ್ತು. ಆಮೇಲೆ, ಕೇಳದೆಯೇ, ಉಳಿದದ್ದನ್ನೂ ಒಮ್ಮೆ ನೋಡಿದಳು.